ಹಾಲು ಮಾಳಿಗೆ ಹತ್ತುವುದಿಲ್ಲ

ಹೋದ ವರ್ಷ ನನ್ನ ಕ್ಲಿನಿಕ್ಕಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಔಷಧ ಕಂಪನಿಯ ಹುಡುಗ ಕೊಟ್ಟು ಹೋಗಿದ್ದು. ಬೆಳ್ಳಗಿನ ದುಂಡು ಕೂಸೊಂದು ಬುಟ್ಟಿಯಲ್ಲಿ ಬೋರಲು ಮಲಗಿ, ಕೈ ಮೇಲೆ ಕೆನ್ನೆ ಇಟ್ಟು ನಿದ್ದೆ ಹೊಡೆಯುತ್ತಿದೆ. ಚೆಂದದ ಚಿತ್ರ. ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಒಂದು ದಿನ ಆಳಂದ ಕಡೆಯ ಚೊಚ್ಚಲ ಬಾಣಂತಿಯೊಬ್ಬಳಿಗೆ, ಕೂಸನ್ನು ಬೋರಲು ಮಲಗಿಸಬೇಡಮ್ಮಾ, ನಿದ್ದೆಯಲ್ಲೇ ಜೀವ ಹೋದೀತು ಅಂತ ಹತ್ತು ನಿಮಿಷ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗೋಡೆ ಕಡೆ ಬೆರಳು ಮಾಡಿ, "ಮತ್ತ ಅದ್ಯಾಕ ಹಂಗ ಮಲಗ್ಯಾದ್ರಿ ಸರ?" ಅಂದಳು.

ಅವತ್ತೇ ಕ್ಯಾಲೆಂಡರ್ ತೆಗೆಸಿದೆ. ಮೊಳೆ ಇನ್ನೂ ಹಾಗೇ ಇದೆ.

ಕಲಬುರಗಿಯಲ್ಲಿ ಮಕ್ಕಳನ್ನು ನೋಡಲು ಕೂತು ಇಪ್ಪತ್ತು ವರ್ಷ ದಾಟಿತು. ಹಾಲುಣಿಸುವುದು, ಲಸಿಕೆ, ಕಾಮಾಲೆ ಬಗ್ಗೆ ಈಗ ಜನರಿಗೆ ನಾನು ಹೇಳುವುದು ಕಡಿಮೆ. ಆಶಾ ಕಾರ್ಯಕರ್ತೆಯರು ನನಗಿಂತ ಮೊದಲೇ ಹೇಳಿರುತ್ತಾರೆ. ಆದರೆ ಒಂದು ಮಾತು ಮಾತ್ರ ಇಪ್ಪತ್ತು ವರ್ಷದಲ್ಲಿ ಒಂದಿಂಚು ಮುಂದೆ ಹೋಗಿಲ್ಲ. ಕೂಸನ್ನು ಅಂಗಾತ ಮಲಗಿಸಿ ಅಂದೆ ಅನ್ನಿ. ತಾಯಿ ತಲೆ ಆಡಿಸುತ್ತಾಳೆ. ಹಿಂದೆ ನಿಂತ ಆಯಿ, ಅಂದರೆ ಕೂಸಿನ ಅಜ್ಜಿ, ಆಡಿಸುವುದಿಲ್ಲ. "ಅಂಗಾತ ಹಾಕಿದ್ರ ಹಾಲು ನೆತ್ತಿಗಿ ಹತ್ತತಾದ್ರಿ" ಅನ್ನುತ್ತಾಳೆ. ಮನೆಗೆ ಹೋದ ಮೇಲೆ ಕೂಸು ಮಗ್ಗಲಾಗುತ್ತದೆ. ಬೆನ್ನಿಗೊಂದು ಕೌದಿ ಸುರುಳಿ, ಹೊಟ್ಟೆಗೊಂದು ಕೌದಿ ಸುರುಳಿ. ಅಳುವ ಕೂಸಾದರೆ ಬೋರಲು.

ಸಿಟ್ಟು ಬರುತ್ತದೆ. ಆದರೆ ಆಯಿಯ ಹೆದರಿಕೆ ಸುಳ್ಳಲ್ಲ. ಕಕ್ಕಿದ ಹಾಲು ಉಸಿರಿಗೆ ಅಡ್ಡ ಬಂದೀತು ಅನ್ನುವುದು ಯಾರಿಗಾದರೂ ಹೊಳೆಯುವ ಯೋಚನೆ. ತಪ್ಪಿರುವುದು ಒಂದೇ ಕಡೆ, ಎರಡು ಕೊಳವೆಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ನಿಮ್ಮ ಗಂಟಲಿನ ಮುಂಭಾಗಕ್ಕೆ ಬೆರಳು ಇಡಿ. ಗಟ್ಟಿಯಾಗಿ, ಉಂಗುರ ಉಂಗುರವಾಗಿ ಸಿಗುತ್ತದಲ್ಲ, ಅದು ಉಸಿರಿನ ಕೊಳವೆ. ಅನ್ನದ ಕೊಳವೆ ಅದರ ಹಿಂದಿದೆ, ಬೆನ್ನುಮೂಳೆಯ ಕಡೆಗೆ. ಅದು ಬೆರಳಿಗೆ ಸಿಗುವುದಿಲ್ಲ. ಈಗ ಕೂಸನ್ನು ಅಂಗಾತ ಮಲಗಿಸಿದ್ದೀರಿ ಅಂದುಕೊಳ್ಳಿ. ಮುಂದಿದ್ದದ್ದು ಮೇಲಾಯಿತು, ಹಿಂದಿದ್ದದ್ದು ಕೆಳಗಾಯಿತು. ಅಂದರೆ ಉಸಿರಿನ ಕೊಳವೆ ಮೇಲೆ, ಅನ್ನದ ಕೊಳವೆ ಕೆಳಗೆ. ಹೊಟ್ಟೆಯಿಂದ ವಾಪಸ್ ಬಂದ ಹಾಲು ಕೆಳಗಿನ ಕೊಳವೆಯ ಬಾಯಲ್ಲಿ ನಿಲ್ಲುತ್ತದೆ. ಉಸಿರಿನ ಕೊಳವೆಗೆ ಹೋಗಬೇಕಾದರೆ ಅದು ಮೇಲಕ್ಕೆ ಏರಬೇಕು. ಅಷ್ಟರೊಳಗೆ ಕೂಸು ಅದನ್ನು ನುಂಗುತ್ತದೆ, ಇಲ್ಲವೇ ಕೆಮ್ಮಿ ಹೊರಗೆ ಹಾಕುತ್ತದೆ. ಕೆಮ್ಮಿದರೆ ನೀವು ಗಾಬರಿಯಾಗುತ್ತೀರಿ. ನನಗೆ ಸಮಾಧಾನ, ಕಾವಲುಗಾರ ಎಚ್ಚರವಾಗಿದ್ದಾನೆ ಅಂತ. ಈಗ ಅದೇ ಕೂಸನ್ನು ಬೋರಲು ಹಾಕಿ. ಉಸಿರಿನ ಕೊಳವೆ ಕೆಳಗೆ ಬಂತು. ಮೇಲಿಂದ ಬಂದ ಹಾಲು ಎಲ್ಲಿ ಹೋಗಿ ನಿಲ್ಲುತ್ತದೆ? ಯಾವುದಕ್ಕೆ ಹೆದರಿ ಬೋರಲು ಹಾಕಿದಿರೋ ಅದಕ್ಕೇ ದಾರಿ ಮಾಡಿಕೊಟ್ಟ ಹಾಗಾಯಿತು.

ಇದನ್ನು ನಾನು ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸುತ್ತಿದ್ದೆ. ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಚಿತ್ರವೂ ಅಷ್ಟಕ್ಕಷ್ಟೇ. ಕೊನೆಗೆ ತಿಳಿಸಿ ಹೇಳಿದ್ದು ಅಫಜಲಪುರ ತಾಲ್ಲೂಕಿನ, ಭೀಮಾ ದಂಡೆಯ ಊರಿನ ಒಬ್ಬ ಆಯಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಾಗ ಇವರ ಮನೆಯೊಳಗೆ ಎದೆಮಟ ನೀರು ನಿಂತಿತ್ತಂತೆ. ಜೋಳದ ಚೀಲ ಹೊತ್ತು ಮಾಳಿಗೆ ಮೇಲೆ ಇಟ್ಟರಂತೆ. ನನ್ನ ಎರಡು ಗೆರೆಗಳನ್ನು ನೋಡಿ, "ಅಂದ್ರ ಉಸಿರು ಮಾಳಿಗಿ ಮ್ಯಾಲ ಅದ, ಹಾಲು ಕೆಳಗಿನ ಮನ್ಯಾಗ ಅದ. ಮಾಳಿಗಿಗಿ ನೀರು ಹ್ಯಾಂಗ ಹತ್ತತಾವ್ರಿ?" ಅಂದರು. ನಾನು ಕುರ್ಚಿ ಬಿಟ್ಟು ಎದ್ದು ಅವರಿಗೆ ಕೈ ಮುಗಿದೆ. ಅವತ್ತಿನಿಂದ ಚಿತ್ರ ಬಿಟ್ಟಿದ್ದೇನೆ. ಮಾಳಿಗೆ ಕಥೆಯನ್ನೇ ಹೇಳುತ್ತೇನೆ.

ಈ ತಪ್ಪನ್ನು ಆಯಿಯರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಡಾಕ್ಟರರೇ ಹೇಳಿಕೊಟ್ಟ ಪಾಠ ಇದು. ಅಮೆರಿಕ, ಯೂರೋಪಿನಲ್ಲಿ ದಶಕಗಳ ಕಾಲ ದೊಡ್ಡ ದೊಡ್ಡ ತಜ್ಞರು ಕೂಸನ್ನು ಬೋರಲು ಮಲಗಿಸಿ ಅಂತಲೇ ಬರೆದರು. ಕಾರಣವೂ ಇದೇ, ವಾಂತಿಯಾದರೆ ಉಸಿರು ಕಟ್ಟೀತು ಅಂತ. ರಾತ್ರಿ ಚೆನ್ನಾಗಿ ಮಲಗಿದ್ದ ಕೂಸುಗಳು ಬೆಳಿಗ್ಗೆ ಏಳದೇ ಹೋದದ್ದಕ್ಕೂ ಈ ಸಲಹೆಗೂ ನಂಟಿದೆ ಅಂತ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ನೆದರ್ಲೆಂಡ್ಸ್ 1987ರಲ್ಲಿ ಬೋರಲು ಬೇಡ ಅಂತ ಹೇಳಲು ಶುರು ಮಾಡಿತು. 1991ರಲ್ಲಿ ನ್ಯೂಜಿಲೆಂಡ್. ಅದೇ ವರ್ಷ ಬ್ರಿಟನ್ನಿನಲ್ಲಿ ಟಿ.ವಿ. ನಿರೂಪಕಿ ಆನ್ ಡೈಮಂಡ್ ಅವರ ಹಸುಗೂಸು ಹೀಗೇ ತೀರಿಕೊಂಡಿತು. ಆಕೆ ಸುಮ್ಮನೆ ಕೂರಲಿಲ್ಲ, ವರ್ಷ ಮುಗಿಯುವುದರೊಳಗೆ ಅಲ್ಲೂ ದೊಡ್ಡ ಪ್ರಚಾರ ಶುರುವಾಯಿತು. ಅಮೆರಿಕ ಶುರು ಮಾಡಿದ್ದು 1994ರಲ್ಲಿ. ಔಷಧ ಇಲ್ಲ, ಇಂಜೆಕ್ಷನ್ ಇಲ್ಲ. ಮಗ್ಗಲು ಬದಲಾಯಿಸಿದ್ದಷ್ಟೇ. ಕೆಲವೇ ವರ್ಷಗಳಲ್ಲಿ ಈ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಹಾಲು ಉಸಿರಿಗೆ ಅಡ್ಡ ಬಂದು ಸಾಯುವ ಕೂಸುಗಳು ಜಾಸ್ತಿಯಾದವಾ? ಇಲ್ಲ.

ಇನ್ನು ಮಗ್ಗಲಾಗಿ ಮಲಗಿಸುವ ಸಂಗತಿ. 1992ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ ಮೊದಲ ಸಲ ಹೇಳಿದಾಗ, ಅಂಗಾತ ಇಲ್ಲವೇ ಮಗ್ಗಲು, ಎರಡೂ ಆಗಬಹುದು ಅಂದಿತ್ತು. 2005ಕ್ಕೆ ಮಗ್ಗಲೂ ಬೇಡ ಅಂದಿತು. ಮಗ್ಗಲಾದ ಕೂಸು ಅಂಚಿನ ಮೇಲೆ ನಿಲ್ಲಿಸಿದ ಬಂದಾ ರೂಪಾಯಿ ಇದ್ದ ಹಾಗೆ. ಯಾವ ಕಡೆ ಬೀಳುತ್ತದೋ ಹೇಳಲಾಗದು. ನಾನು ಕಲಿಯುತ್ತಿದ್ದಾಗ ಮಗ್ಗಲು ಒಳ್ಳೆಯದು ಅಂತ ವಾರ್ಡಿನಲ್ಲಿ ನೂರಾರು ತಾಯಂದಿರಿಗೆ ನಾನೇ ಹೇಳಿದ್ದೇನೆ. ಅವರಲ್ಲಿ ಕೆಲವರು ಈಗ ಆಯಿಯರಾಗಿ ನನ್ನೆದುರು ಬಂದು ನಿಲ್ಲುತ್ತಾರೆ. "ನೀವ ಹೇಳಿದ್ರಲ್ರೀ" ಅಂತ ಒಬ್ಬರು ಅಂದೂ ಬಿಟ್ಟರು. ಏನು ಹೇಳಲಿ?

"ಬೋರಲು ಹಾಕಿದ್ರ ಛಲೋ ನಿದ್ದಿ ಮಾಡತದ" ಅನ್ನುವ ಇನ್ನೊಂದು ಮಾತಿದೆ. ನಿಜ, ಮಾಡುತ್ತದೆ. ತೊಂದರೆ ಇರುವುದೇ ಅಲ್ಲಿ. ಬೋರಲು ಮಲಗಿದ ಕೂಸಿಗೆ ಬೇಗ ಎಚ್ಚರವಾಗುವುದಿಲ್ಲ. ಮೂಗು ಮೆತ್ತನೆಯ ಕೌದಿಯಲ್ಲಿ ಹುದುಗಿದರೆ ತಾನು ಬಿಟ್ಟ ಗಾಳಿಯನ್ನೇ ತಾನು ಎಳೆದುಕೊಳ್ಳುತ್ತಿರುತ್ತದೆ. ಎಚ್ಚರವಾಗಿ ಮುಖ ತಿರುಗಿಸಬೇಕು, ಅಳಬೇಕು. ಗಾಢ ನಿದ್ದೆಯಲ್ಲಿರುವ ಎರಡು ತಿಂಗಳ ಕೂಸಿಗೆ ಅದು ಆಗದೇ ಹೋಗಬಹುದು. ಎಳೆಗೂಸು ರಾತ್ರಿ ನಾಲ್ಕು ಸಲ ಏಳುವುದು ನಮಗೆ ಕಾಟ. ಅದಕ್ಕೆ ಅದು ರಕ್ಷಣೆ. ಈ ಸಾವುಗಳಿಗೆ ಪೂರ್ತಿ ಕಾರಣ ಇದೊಂದೇ ಅಂತ ನಾನು ಹೇಳುವುದಿಲ್ಲ. ವೈದ್ಯಕೀಯಕ್ಕೆ ಇನ್ನೂ ತಿಳಿಯದ್ದು ಇದರಲ್ಲಿ ಬಹಳವಿದೆ. ಅಂಗಾತ ಮಲಗಿದ ಕೂಸಿಗೂ ಒಮ್ಮೊಮ್ಮೆ ಆಗುತ್ತದೆ. ಎರಡರಿಂದ ನಾಲ್ಕು ತಿಂಗಳ ನಡುವೆ ಅಪಾಯ ಜಾಸ್ತಿ, ಆರು ತಿಂಗಳಾದ ಮೇಲೆ ಬಹಳ ಕಡಿಮೆ. ಅಷ್ಟು ದಿನ ದಾಟಿಸಬೇಕು.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಬೇರೆ ಕಾರಣಕ್ಕೆ. ಹೀಗೆ ಹೋದ ಕೂಸಿನ ತುಟಿಯಲ್ಲಿ, ಮೂಗಿನಲ್ಲಿ ಹಾಲು ಕಂಡರೆ ಮುಗಿಯಿತು. "ಹಾಲು ನೆತ್ತಿಗೆ ಹತ್ತಿ ಹೋಯಿತು" ಅಂತ ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಹಾಲು ಕೊಟ್ಟವಳು ತಾಯಿ. ಹಾಗಾಗಿ ತಪ್ಪು ಅವಳದು. ಸಾಯುವ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ತಾನಾಗಿ ಮೇಲೆ ಬರಬಹುದು. ಎದೆ ಒತ್ತಿ ಬದುಕಿಸಲು ನೋಡಿದಾಗಲೂ ಬರಬಹುದು. ಹಾಲು ಕಂಡಿತು ಅಂದ ಮಾತ್ರಕ್ಕೆ ಹಾಲೇ ಕಾರಣ ಅಂತಲ್ಲ. ಜೇವರ್ಗಿ ಕಡೆಯ ಒಬ್ಬಳು ತಾಯಿ, ಎರಡನೆಯ ಕೂಸು ಹುಟ್ಟಿದ ಮೇಲೆ, ರಾತ್ರಿ ಹಾಲು ಕೊಡುವುದನ್ನೇ ಬಿಟ್ಟಿದ್ದಳು. ಮೊದಲನೆಯದು ಹೋದಾಗ ಅತ್ತೆ ಅಂದ ಮಾತು ಕಿವಿಯಲ್ಲೇ ಉಳಿದಿತ್ತು. ಎದೆಹಾಲು ಈ ಸಾವಿನ ಅಪಾಯವನ್ನು ಕಡಿಮೆ ಮಾಡುತ್ತದಮ್ಮಾ, ಜಾಸ್ತಿ ಮಾಡುವುದಿಲ್ಲ ಅಂತ ಮೂರು ಭೇಟಿಯಲ್ಲಿ ಹೇಳಿದೆ. ಮೂರನೆಯ ಸಲ ಅತ್ತೆಯನ್ನೂ ಕರೆಸಿ ಕೂರಿಸಿಕೊಂಡೆ. ಅತ್ತೆ ಏನೂ ಮಾತಾಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದು ಹೋದರು.

ಸೆಕೆಯ ಬಗ್ಗೆ ಎರಡು ಮಾತು. ಮೇ ತಿಂಗಳು, ಹೊರಗೆ 43 ಡಿಗ್ರಿ. ಚಿತ್ತಾಪುರ, ಶಹಾಬಾದ್ ಕಡೆಯ ಕಲ್ಲಿನ ಮನೆ ರಾತ್ರಿ ಹತ್ತಕ್ಕೂ ಬಿಸಿ ಉಗುಳುತ್ತಿರುತ್ತದೆ. ಒಳಗೆ ಬಾಣಂತಿ ಕೋಣೆ, ಕಿಟಕಿ ಬಂದ್. ಕೂಸಿಗೆ ಕುಂಚಿಗೆ, ಕಾಲುಚೀಲ, ಮೇಲೊಂದು ಕೌದಿ. ಗಾಳಿ ಸೋಕಬಾರದಂತೆ! ಮೈ ಜಾಸ್ತಿ ಬಿಸಿಯಾಗುವುದೂ ಅಪಾಯವೇ. ಅಂಗೈ ಮುಟ್ಟಿ ನೋಡಬೇಡಿ, ಅದು ಸಾಮಾನ್ಯವಾಗಿ ತಣ್ಣಗೇ ಇರುತ್ತದೆ. ಕುತ್ತಿಗೆಯ ಹಿಂಭಾಗ ಮುಟ್ಟಿ. ಬೆವರಿದ್ದರೆ ಒಂದು ಪದರ ಬಿಚ್ಚಿ. ಫ್ಯಾನ್ ಹಾಕಿದರೆ ಏನೂ ಆಗದು. ಮಲಗುವಾಗ ಟೋಪಿ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಬಾಗಿಲು ಹಾಕಿಕೊಳ್ಳುವುದನ್ನಂತೂ ಇವತ್ತೇ ನಿಲ್ಲಿಸಿ. ಅದರ ಗಾಳಿ ಕೂಸನ್ನಷ್ಟೇ ಅಲ್ಲ, ತಾಯಿಯನ್ನೂ ಕೊಲ್ಲುತ್ತದೆ.

ಈಗ ಪ್ರಚಾರದ ಮಾತು. "ಎರಡು ಹನಿ" ಅಂದರೆ ನಮ್ಮಲ್ಲಿ ಕುರಿ ಕಾಯುವ ಹುಡುಗನಿಗೂ ಪೋಲಿಯೋ ನೆನಪಾಗುತ್ತದೆ. "ಅಂಗಾತ" ಅಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಒಮ್ಮೆ ವಾಟ್ಸಾಪಿನಲ್ಲಿ ಬಂದ ವಿದೇಶಿ ಪೋಸ್ಟರನ್ನು ಪ್ರಿಂಟ್ ತೆಗೆಸಿ ಹಚ್ಚಿದೆ. ಸುತ್ತ ಕಟಕಟೆ ಇರುವ ಮಂಚ, ಒಳಗೆ ಕೂಸು ಒಂದೇ, ದಿಂಬಿಲ್ಲ, ಗೊಂಬೆಯಿಲ್ಲ. ನೋಡಿದ ಒಬ್ಬ ಆಯಿ, "ಅಯ್ಯ, ಕೂಸಿಗಿ ಜೇಲಿನ್ಯಾಗ ಹಾಕ್ಯಾರಲ್ಲ" ಅಂದರು. ಅವರ ಮಾತಲ್ಲಿ ತಪ್ಪೇನಿದೆ? ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗೆ ಆ ಮಂಚ ಎಲ್ಲಿಂದ ಬರಬೇಕು? ನ್ಯೂಜಿಲೆಂಡಿನಲ್ಲೂ ಇದೇ ಆಯಿತು. ತಾಯಿ ಪಕ್ಕ ಕೂಸು ಮಲಗುವ ರೂಢಿಯ ಮಾವೊರಿ ಜನರಿಗೆ ಈ ಪ್ರಚಾರ ಅಷ್ಟಾಗಿ ತಾಗಲಿಲ್ಲ. ಆಮೇಲೆ ಅವರದೇ ನಾರಿನಲ್ಲಿ ಹೆಣೆದ ವಾಹಕುರ ಅನ್ನುವ ಪುಟ್ಟ ಬುಟ್ಟಿ ಬಂತು. ಕೂಸು ತಾಯಿಯ ಮಗ್ಗುಲಲ್ಲೇ, ಆದರೆ ತನ್ನದೇ ಜಾಗದಲ್ಲಿ. ಅದರ ಚಿತ್ರ ನೋಡಿದಾಗ ನನಗೆ ಹೆಸರಿಡುವ ದಿನ ಕೂಸನ್ನು ಮಲಗಿಸುವ ನಮ್ಮ ಮೊರ ನೆನಪಾಯಿತು.

ಹಾಗಾಗಿ ನಾನು ಮಂಚದ ಮಾತೇ ಎತ್ತುವುದಿಲ್ಲ. ನೆಲದ ಮೇಲೆ ಜಮಖಾನ ಮಡಚಿ ಹಾಸಿ, ಗಟ್ಟಿಯಾಗಿರಲಿ, ಸಪಾಟಾಗಿರಲಿ. ತಾಯಿಯ ಕೈಗೆ ಸಿಗುವಷ್ಟು ಹತ್ತಿರ ಇರಲಿ, ಕೂಸಿನ ಜಾಗ ಮಾತ್ರ ಬೇರೆ. ಕುಡಿದು ಬಂದ ಅಪ್ಪ ಆ ಕಡೆ ಮಲಗಲಿ. ಬೀಡಿ ಹೊರಗೆ. ಸೋಫಾ ಮೇಲೆ ಕೂಸನ್ನು ಎದೆಗವಚಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಸೀರೆಯ ಜೋಳಿಗೆ ಒಳ್ಳೆಯದಲ್ಲ. ಆದರೆ ತೊಗರಿ ಹೊಲದಲ್ಲಿ ಕಳೆ ತೆಗೆಯುವವಳಿಗೆ ಅದನ್ನು ಬಿಡು ಅನ್ನಲು ನನಗೆ ಬಾಯಿ ಬರುವುದಿಲ್ಲ. ಗದ್ದ ಎದೆಗೆ ಒತ್ತಿರಬಾರದು, ಮುಖ ಬಟ್ಟೆಗೆ ತಾಗಬಾರದು, ಕಣ್ಣೆದುರಿಗೇ ಇರಲಿ ಅನ್ನುತ್ತೇನೆ. ಮತ್ತೆ, ಈ ಮಾತನ್ನು ತಾಯಿಗೆ ಹೇಳಿ ಕೈ ತೊಳೆದುಕೊಂಡರೆ ಆಗದು. ಚೊಚ್ಚಲ ಹೆರಿಗೆ ತವರಲ್ಲಿ, ತವರಲ್ಲಿ ತೊಟ್ಟಿಲು ಆಯಿಯ ಕೈಯಲ್ಲಿ. ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಹೋಗುತ್ತಾಳೆ. ಅದರಲ್ಲಿ ಒಂದು ಸಲ ಆಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾಳಿಗೆ ಕಥೆ ಹೇಳಿದರೆ ಸಾಕು.

ಎಲ್ಲ ಕೂಸುಗಳಿಗೂ ಇದೇ ಅಂತ ಕಣ್ಣು ಮುಚ್ಚಿ ಹೇಳಲಾರೆ. ಉಸಿರಿನ ದಾರಿಯಲ್ಲಿ ಹುಟ್ಟು ತೊಂದರೆ ಇರುವ ಕೆಲವು ಕೂಸುಗಳಿಗೆ ಅವರ ಡಾಕ್ಟರ್ ಬೇರೆ ಹೇಳಿರಬಹುದು, ಅದನ್ನೇ ಕೇಳಿ. ತಿಂಗಳು ತುಂಬದೆ ಹುಟ್ಟಿದ್ದನ್ನು ಐಸಿಯುದಲ್ಲಿ ಬೋರಲು ಹಾಕಿದ್ದನ್ನು ನೀವು ನೋಡಿರುತ್ತೀರಿ. ಅಲ್ಲಿ ಅದರ ಮೈಗೆ ಮೆಷಿನ್ ಹಚ್ಚಿರುತ್ತಾರೆ, ನಿಮ್ಮ ಮನೆಯಲ್ಲಿ ಇಲ್ಲ. ಇನ್ನು, ಎರಡೂ ಕಡೆ ತಾನಾಗಿ ಹೊರಳಲು ಕಲಿತ ಕೂಸನ್ನು ರಾತ್ರಿಯಿಡೀ ಎದ್ದು ಎದ್ದು ತಿರುಗಿಸುತ್ತ ಕೂರಬೇಡಿ. ಅಂಗಾತ ಮಲಗಿಸಿ, ಆಮೇಲೆ ಅದರ ಇಷ್ಟ.

ಭೀಮಾ ದಂಡೆಯ ಆ ಆಯಿ ಒಂದೂವರೆ ತಿಂಗಳ ಲಸಿಕೆಗೆ ಬಂದಾಗ ತಕರಾರು ತಂದಿದ್ದರು. "ನಿಮ್ಮ ಮಾತ ಕೇಳಿ ಕೂಸಿನ ತಲಿ ಹಿಂದ ಚಪ್ಪಟಿ ಆಗ್ಯಾದ ನೋಡ್ರಿ. ಸಾಸಿವಿ ದಿಂಬು ಇಡ್ಲೇನು?" ಬೇಡ ಅಂದೆ. ತಲೆ ದುಂಡಗೆ ಮಾಡುವ ದಿಂಬುಗಳು ಬೇಡ ಅಂತ ಅಮೆರಿಕದ ಔಷಧ ಇಲಾಖೆ 2022ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿದೆ. ಎಚ್ಚರವಿದ್ದಾಗ ದಿನಕ್ಕೆ ನಾಲ್ಕಾರು ಸಲ, ನಿಮ್ಮ ಕಣ್ಣೆದುರಿಗೆ, ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸಿ. ಕತ್ತು ಗಟ್ಟಿಯಾಗುತ್ತದೆ, ತಲೆಯೂ ಸರಿಹೋಗುತ್ತದೆ ಅಂದೆ. "ಹಾಕಬ್ಯಾಡ ಅಂತೀರಿ, ಹಾಕು ಅಂತೀರಿ" ಅಂತ ಗೊಣಗಿಕೊಂಡೇ ಹೋದರು.

ಮೂರೂವರೆ ತಿಂಗಳ ಲಸಿಕೆಗೆ ಮತ್ತೆ ಬಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದರು, ತೊಡೆ ಮೇಲೆ ಕೂಸು ಬೋರಲು. ನಾನು ಬಾಗಿಲು ತೆರೆದು ನೋಡಿದ್ದೇ ತಡ, ನಾನು ಬಾಯಿ ಬಿಡುವ ಮೊದಲೇ ಕೈ ಅಡ್ಡ ಹಿಡಿದರು.

"ಎಚ್ಚರ ಅದ್ರಿ, ಎಚ್ಚರ ಅದ."