ಕಳೆ ಬೀಜದ ಆಟೋ ಸ್ಟಾರ್ಟರ್

ಕೋಲಾರದ ಕಡೆ ಎರಡು ಹದ ಮಳೆ ಬಿದ್ದು, ರಾಗಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದ ವಾರಕ್ಕೇ ನೆಲವೆಲ್ಲ ಹಸಿರು. ರಾಗಿ ಇನ್ನೂ ಮೂಟೆಯಲ್ಲೇ ಇರುತ್ತದೆ. "ಇದನ್ನ ಬಿತ್ತಿದೋರು ಯಾರು? ಭೂಮ್ತಾಯಿನೇ ಹೆರ್ತಾಳೆ" ಅನ್ನುತ್ತಿದ್ದರು ನಮ್ಮಜ್ಜಿ. ಅನ್ನುತ್ತಲೇ ಅಣ್ಣೆ ಸೊಪ್ಪು ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಿದ್ದರು, ಸಂಜೆಯ ಬಸ್ಸಾರಿಗೆ.

ಅಜ್ಜಿ ಬಾಯಲ್ಲಿ ಆ ಮಾತು ಚೆಂದ. ಆದರೆ ಓದಿದವರೂ ಹಾಗೇ ನಂಬಿರುತ್ತಾರೆ, ಅದೇ ನನಗೆ ತಡೆಯಲಾಗದ್ದು. ಪಕ್ಕದ ಹೊಲದವರ ದೃಷ್ಟಿ ಅನ್ನುವವರನ್ನೂ ಕಂಡಿದ್ದೇನೆ! ಗಾಳಿಯಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಒಂದಷ್ಟು ಬೀಜ ಬರೋದು ನಿಜ. ಆದರೆ ಜಾಸ್ತಿ ಪಾಲು ಮೊದಲೇ ಅಲ್ಲಿತ್ತು. ಮಣ್ಣಿನೊಳಗೆ, ವರ್ಷಗಟ್ಟಲೆ ಮಲಗಿತ್ತು.

ಒಂದೇ ಒಂದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಕಳೆಗಳ ಬೀಜವೆಲ್ಲ ಒಂದೇ ಮಳೆಗೆ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಮುಗಿಯಿತು. ಇದ್ದ ದುಡ್ಡೆಲ್ಲ ಒಂದೇ ಬೋರ್‌ವೆಲ್‌ಗೆ ಸುರಿದವರ ಕಥೆ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ? ಅದಕ್ಕೇ ಕೆಲವು ಏಳುತ್ತವೆ, ಉಳಿದವು ಕಾಯುತ್ತವೆ.

ಎಷ್ಟು ವರ್ಷ ಕಾದಾವು? ಇದನ್ನು ನೋಡಿಯೇಬಿಡೋಣ ಅಂತ ಹೊರಟವರು ಅಮೆರಿಕದ ಮಿಷಿಗನ್‌ನ ಸಸ್ಯವಿಜ್ಞಾನಿ ವಿಲಿಯಂ ಜೇಮ್ಸ್ ಬೀಲ್. 1879ರಲ್ಲಿ ಅವರು 20 ಬಾಟಲಿಗಳಿಗೆ ಮರಳು ತುಂಬಿ, ಅದರಲ್ಲಿ ಕಳೆ ಬೀಜ ಬೆರೆಸಿ ಹೂತರು. ಒಂದೊಂದು ಜಾತಿಯದೂ ಬಾಟಲಿಗೆ 50 ಬೀಜ. ನೀರು ನಿಲ್ಲದಿರಲಿ ಅಂತ ಬಾಯಿ ಕೆಳಮುಖ ಮಾಡಿ ಓರೆಯಾಗಿ ಇಟ್ಟರು. ಮೊದಲು 5 ವರ್ಷಕ್ಕೊಂದು ಬಾಟಲಿ ತೆಗೆಯುತ್ತಿದ್ದರು. ಆಮೇಲೆ 10 ವರ್ಷಕ್ಕೊಂದು, ಈಗ 20 ವರ್ಷಕ್ಕೊಂದು. ಬೀಲ್ ತೀರಿಕೊಂಡು ನೂರು ವರ್ಷ ದಾಟಿದರೂ ಕೆಲಸ ನಿಂತಿಲ್ಲ. 2021ರಲ್ಲಿ ತೆಗೆದ ಬಾಟಲಿಯಲ್ಲಿ ಮುಲೀನ್ ಎಂಬ ಕಳೆಯ ಬೀಜ ಮೊಳೆಯಿತು. 142 ವರ್ಷ ಮಣ್ಣಲ್ಲಿದ್ದದ್ದು! ಮುಂದಿನ ಸರದಿ 2040ಕ್ಕೆ.

ಆ ಬಾಟಲಿ ಅಗೆದದ್ದು ನಸುಕಿನ ಕತ್ತಲೆಯಲ್ಲಿ. ಮಾಟ ಮಂತ್ರ ಏನಿಲ್ಲ. ಬೀಜಕ್ಕೆ ಬೆಳಕು ತಾಕಬಾರದು, ಅಷ್ಟೇ.

ಇಲ್ಲೇ ನನಗೆ ಇಷ್ಟವಾದ ಭಾಗ ಇರೋದು. ಬಿಸಿಲು ಮಣ್ಣಲ್ಲಿ ಇಳಿಯೋದು ಕೆಲವೇ ಮಿಲಿಮೀಟರ್. ಎಷ್ಟೋ ಕಳೆಗಳ ಸಣ್ಣ ಬೀಜದಲ್ಲಿ ಫೈಟೋಕ್ರೋಮ್ ಅನ್ನುವ ವಸ್ತು ಇರುತ್ತದೆ. ನಮ್ಮ ಬೋರ್‌ವೆಲ್ ಮೋಟರಿನ ಆಟೋ ಸ್ಟಾರ್ಟರ್ ಇದ್ದ ಹಾಗೆ ಅದು. ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಮೋಟರ್ ತಾನೇ ಶುರು, ಮಾಲೀಕ ಮಲಗಿದ್ದರೂ ಸರಿ. ಬೀಜಕ್ಕೆ ಆ ಕರೆಂಟು ಅಂದರೆ ಬೆಳಕು. ನೇಗಿಲು ಮಣ್ಣು ಮಗುಚುವಾಗ ಬೀಜ ಒಂದು ಕ್ಷಣ ಮೇಲೆ ಬಂದು ಮತ್ತೆ ಮುಚ್ಚಿಹೋದರೂ ಸಾಕು, ಸ್ಟಾರ್ಟರ್ ಎಳೆದಾಯಿತು. ಬೀಜ ನೆನೆದಿರಬೇಕು, ಅದೊಂದೇ ಷರತ್ತು. ನಾವು ಉಳೋದೂ ಹದ ನೋಡಿಯೇ ಅಲ್ವಾ!

ಹೋಲಿಕೆ ಪೂರ್ತಿ ಕೂರಲಿಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಬಸ್ಸಿನ ಕಂಡಕ್ಟರ್ "ರೈಟ್" ಅಂದರೆ ಡ್ರೈವರ್ ಹೊರಡುತ್ತಾನೆ, "ಹೋಲ್ಡಾನ್" ಅಂದರೆ ನಿಲ್ಲುತ್ತಾನೆ. ಬೀಜಕ್ಕೆ ಕೆಂಪು ಬೆಳಕು "ರೈಟ್". ಕೆಂಪಿನ ಅಂಚಿನಾಚೆಯ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕು "ಹೋಲ್ಡಾನ್". 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ವಿಜ್ಞಾನಿಗಳಾದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತವರ ಜೊತೆಗಾರರು ನೆನೆದ ಲೆಟ್ಯೂಸ್ ಬೀಜಕ್ಕೆ ಈ ಎರಡೂ ಬೆಳಕನ್ನು ಒಂದಾದ ಮೇಲೊಂದು ಕೊಡುತ್ತಾ ಹೋದರು. ಎಷ್ಟು ಸಲ ಬದಲಾಯಿಸಿದರೂ ಬೀಜ ಕೇಳಿದ್ದು ಕೊನೆಯ ಮಾತನ್ನು ಮಾತ್ರ. ಎಲೆಗಳು ಕೆಂಪನ್ನು ಹೀರಿಕೊಂಡು ಆ ಅಂಚಿನ ಬೆಳಕನ್ನು ಕೆಳಗೆ ಬಿಡುತ್ತವೆ. ಹಾಗಾಗಿ ಒತ್ತಾಗಿ ಬೆಳೆದ ರಾಗಿಯ ಕೆಳಗೆ, ಮಣ್ಣಿನ ಮೇಲೇ ಬಿದ್ದಿರುವ ಬೀಜಕ್ಕೆ ಇಡೀ ದಿನ "ಹೋಲ್ಡಾನ್, ಹೋಲ್ಡಾನ್". ಅಷ್ಟು ಹೊತ್ತಿಗೆ ಕಳೆ ಕಡಿಮೆಯಾಗೋದಕ್ಕೆ ಇದೂ ಒಂದು ಕಾರಣ.

ಹಾಗಾದರೆ ರಾತ್ರಿ ಉತ್ತರೆ? ಜರ್ಮನಿಯಲ್ಲಿ ಅದನ್ನೂ ಮಾಡಿ ನೋಡಿದರು. ಕೆಲವು ಕಡೆ ಕಳೆ ಚೆನ್ನಾಗಿ ಇಳಿಯಿತು, ಕೆಲವು ಕಡೆ ಫರಕೇ ಕಾಣಲಿಲ್ಲ. ಬೆಳಕು ಬೇಡದ ಕಳೆಗಳೂ ಬೇಕಾದಷ್ಟಿವೆ. ನಮ್ಮ ರೈತರ ಹಳೇ ಉಪಾಯವೇ ವಾಸಿ. ಉತ್ತು, ಕಳೆ ಮೊಳೆಯಲು ಬಿಟ್ಟು, ಮೇಲೆ ಮೇಲೆ ಕುಂಟೆ ಹೊಡೆದು ಬಿತ್ತೋದು. ಎರಡನೇ ಸಲವೂ ಆಳವಾಗಿ ಉತ್ತರೆ ಹಳೇ ಬೀಜಗಳಿಗೆ ಮತ್ತೆ ಬೆಳಕು ತೋರಿಸಿದ ಹಾಗೆ.

ಇನ್ನು ಕೊನ್ನಾರಿ. ಅದಕ್ಕೆ ಬೀಜದ ಹಂಗೇ ಇಲ್ಲ ಅನ್ನಬಹುದು. ಮಣ್ಣೊಳಗೆ ಗಡ್ಡೆಗಳು ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿರುತ್ತವೆ. ಮುಂದಿನ ಗಡ್ಡೆ ಚಿಗುರಿದ್ದರೆ ಹಿಂದಿನವು ಸುಮ್ನೆ ಇರುತ್ತವೆ. ರೋಟವೇಟರ್ ಬಂದು ದಾರ ಕತ್ತರಿಸಿತೋ, ಒಂದೊಂದೂ ಸ್ವತಂತ್ರ. ಟೊಮೆಟೊ ಸಾಲಿನ ಮಲ್ಚಿಂಗ್ ಶೀಟಿನ ಕೆಳಗೆ ಬೀಜದ ಕಳೆಗಳು ಹೆಚ್ಚುಕಡಿಮೆ ಸೋತಿರುತ್ತವೆ. ಆದರೆ ಹತ್ತಿರ ಕೂತು ನೋಡಿ. ಪ್ಲಾಸ್ಟಿಕ್ ಅಲ್ಲಲ್ಲಿ ಗುಡಾರದ ಹಾಗೆ ಎದ್ದಿರುತ್ತದೆ. ಒಂದು ಕಡೆಯಂತೂ ಶೀಟು ಸೂಜಿ ಚುಚ್ಚಿದಷ್ಟು ತೂತಾಗಿ, ಕೊನ್ನಾರಿಯ ಚೂಪು ಮೊಳಕೆ ಆಗಲೇ ಹೊರಗೆ ಬಂದಿರುತ್ತದೆ.