ಸುದ್ದಿ ಫೀಡ್ ಆ್ಯಪ್ ಕಟ್ಟುವವರಿಗೆ: ಎಷ್ಟು ತೋರಿಸಬಹುದು, ಎಲ್ಲಿ ನಿಲ್ಲಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸುದ್ದಿಗಳನ್ನೆಲ್ಲ ಒಂದೇ ಕಡೆ ತೋರಿಸುವ ಆ್ಯಪ್ ನಮ್ಮ ಪ್ರಾಜೆಕ್ಟ್. ಅದಕ್ಕಾಗಿ ಓದಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಕೋಡ್ ಸುಲಭ, ಬೇಗ ಮುಗಿಸೋಣ. ತಲೆ ಕೆಡಿಸಿಕೊಳ್ಳಬೇಕಾದದ್ದು ಕಾಪಿರೈಟ್ ಬಗ್ಗೆ.

ಆರ್‌ಎಸ್‌ಎಸ್ ಫೀಡ್ ಅಂದರೆ ಪತ್ರಿಕೆಗಳ ಜಾಲತಾಣಗಳು ತಮ್ಮ ಹೊಸ ಸುದ್ದಿಗಳ ಪಟ್ಟಿ ಕೊಡುವ ಒಂದು ಎಕ್ಸ್‌ಎಂಎಲ್ ಫೈಲ್ (ಟ್ಯಾಗ್ ಹಾಕಿ ಬರೆದ ಪಠ್ಯ). ಸಾಮಾನ್ಯವಾಗಿ ಪ್ರತಿ ಸುದ್ದಿಯ ಶೀರ್ಷಿಕೆ, ಲಿಂಕ್, ಚಿಕ್ಕ ವಿವರಣೆ, ಪ್ರಕಟವಾದ ಸಮಯ ಅದರಲ್ಲಿ ಇರುತ್ತವೆ. ಪೈಥಾನ್‌ನ ಫೀಡ್‌ಪಾರ್ಸರ್ ಎಂಬ ಲೈಬ್ರರಿ ಇದನ್ನೂ ಓದುತ್ತದೆ, ಇದೇ ಥರದ ಇನ್ನೊಂದು ಬಗೆಯಾದ ಆಟಮ್ ಫೀಡನ್ನೂ ಓದುತ್ತದೆ. ಸುಮ್ನೆ ನಿಮಿಷಕ್ಕೊಮ್ಮೆ ಪತ್ರಿಕೆಯವರ ಸರ್ವರಿಗೆ ಕಾಟ ಕೊಡಬೇಡಿ. ಹಿಂದಿನ ಸಲ ಸಿಕ್ಕ ಇಟ್ಯಾಗ್ (ಫೈಲಿನ ಆ ಆವೃತ್ತಿಗೆ ಸರ್ವರ್ ಕೊಡುವ ಗುರುತು) ಜೊತೆಗೆ ಕಳಿಸಿ. ಸರ್ವರ್ ಅದನ್ನು ಬಳಸುತ್ತಿದ್ದು, ಹೊಸದೇನೂ ಇಲ್ಲದಿದ್ದರೆ 304 ಅಂತ ಉತ್ತರ ಬರುತ್ತದೆ, ಇಡೀ ಫೈಲ್ ಇಳಿಸುವ ಕೆಲಸ ತಪ್ಪುತ್ತದೆ.

‘ಅವರೇ ಫೀಡ್ ಕೊಟ್ಟಿದ್ದಾರಲ್ಲ, ಹಾಕಿಕೊಂಡರೆ ಏನಾಯ್ತು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಫೀಡ್ ಓದಲಿಕ್ಕೆ ಕೊಟ್ಟದ್ದು, ಮತ್ತೆ ಪ್ರಕಟಿಸಲಿಕ್ಕೆ ಅಲ್ಲ. ಜಾಲತಾಣದ ಷರತ್ತುಗಳ ಪುಟ ನೋಡಿ. ವೈಯಕ್ತಿಕ ಬಳಕೆಗೆ ಮಾತ್ರ ಅಂತ ಕೆಲವರು ಸ್ಪಷ್ಟವಾಗಿ ಬರೆದಿರುತ್ತಾರೆ.

ನಡೆದ ಸಂಗತಿಗೆ ಕಾಪಿರೈಟ್ ಇಲ್ಲ, ಅದನ್ನು ಬರೆದ ರೀತಿಗೆ ಇದೆ. ಆಲಮಟ್ಟಿ ಜಲಾಶಯ ತುಂಬಿ ನೀರು 519.60 ಮೀಟರ್ ಮುಟ್ಟಿತು ಅನ್ನಿ. ಆ ಅಂಕಿ ಯಾರ ಸ್ವತ್ತೂ ಅಲ್ಲ, ನೀವೂ ಬರೆಯಬಹುದು. ಆದರೆ ವರದಿಗಾರರು ಹೊಳೆದಂಡೆಯ ಊರಿಗೆ ಹೋಗಿ, ಕಬ್ಬು ಮುಳುಗಿದ ರೈತರನ್ನು ಮಾತಾಡಿಸಿ ಬರೆದ ಸಾಲುಗಳಿವೆಯಲ್ಲ, ಅವು ಹಾಗಲ್ಲ. ನಾಲ್ಕು ಪದ ಅತ್ತಿತ್ತ ಮಾಡಿ ಹಾಕಿದರೂ ಅದು ನಕಲೇ.

1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಕೆಲವು ವಿನಾಯಿತಿ ಕೊಡುತ್ತದೆ. ಸ್ವಂತ ಓದು, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಇವಕ್ಕೆ ನ್ಯಾಯವಾದ ಮಟ್ಟದಲ್ಲಿ ಬಳಸಬಹುದು. ಇಷ್ಟೇ ಸಾಲು ಅಂತ ಅಳತೆ ಮಾತ್ರ ಕೊಟ್ಟಿಲ್ಲ. ಹಾಗಾಗಿ ನಾನು ಇಟ್ಟುಕೊಂಡ ಅಳತೆ ಇದು: ನಮ್ಮ ಆ್ಯಪ್ ನೋಡಿದವರಿಗೆ ಮೂಲ ಸುದ್ದಿ ತೆರೆಯುವ ಅಗತ್ಯವೇ ಬರದಿದ್ದರೆ ನಾವು ಜಾಸ್ತಿ ಎತ್ತಿಕೊಂಡಿದ್ದೇವೆ. ಶೀರ್ಷಿಕೆ, ಪತ್ರಿಕೆಯ ಹೆಸರು, ನೇರ ಲಿಂಕ್, ಬೇಕಿದ್ದರೆ ಒಂದು ಸಾಲು, ಇಷ್ಟು ತೋರಿಸಿದರೆ ಸಾಕು. ಕೆಳಗೆ ‘ಕೃಪೆ’ ಅಂತ ಹಾಕಿ ಇಡೀ ಲೇಖನ ಅಂಟಿಸುವವರೂ ಇದ್ದಾರೆ. ಹೆಸರು ಹಾಕಲೇಬೇಕು, ಸರಿ. ಆದರೆ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ.

ಫೋಟೊದ ಹಕ್ಕು ಬೇರೆಯೇ. ಗೋಲಗುಮ್ಮಟ 17ನೇ ಶತಮಾನದ್ದು, ನಿನ್ನೆ ಪತ್ರಿಕೆಯಲ್ಲಿ ಬಂದ ಅದರ ಫೋಟೊ ಹಾಗಲ್ಲ. ಭಾರತದಲ್ಲಿ ಪ್ರಕಟವಾದ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರು ಬದುಕಿರುವವರೆಗೂ ಇರುತ್ತದೆ, ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ ಎಣಿಸಿ ಇನ್ನೂ 60 ವರ್ಷ ಇರುತ್ತದೆ. ಚಿತ್ರ ಬೇಕೇ ಬೇಕೆಂದರೆ ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ಪ್ರತಿ ಚಿತ್ರದ ಲೈಸೆನ್ಸ್ ಓದಿ, ಅದು ಕೇಳಿದಂತೆ ತೆಗೆದವರ ಹೆಸರು ಕೊಡಿ.

ಶೀರ್ಷಿಕೆಯ ಜೊತೆ ತೋರಿಸುವ ಆ ಒಂದು ಸಾಲು ಕತ್ತರಿಸುವಾಗ ಹುಷಾರು. ‘ಕೃಷ್ಣಾ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ 6 ಸಂಕೇತ, ಅವನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ 18 ಬೈಟ್. ಬೈಟ್ ಎಣಿಸಿ ಕತ್ತರಿಸಿದರೆ ಅಕ್ಷರದ ಜಾಗದಲ್ಲಿ ಪ್ರಶ್ನೆಚಿಹ್ನೆ ಬರಬಹುದು. 4 ಸಂಕೇತಕ್ಕೆ ನಿಲ್ಲಿಸಿದರೆ ‘ಕೃಷ್’ ಅಂತ ನದಿ ಅರ್ಧಕ್ಕೇ ನಿಲ್ಲುತ್ತದೆ. ಎರಡು ಪದಗಳ ನಡುವಿನ ಖಾಲಿ ಜಾಗದಲ್ಲೇ ಕತ್ತರಿಸಿ. ಅದಕ್ಕೂ ಮೊದಲು ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ತೆಗೆದುಬಿಡಿ, ಇಲ್ಲದಿದ್ದರೆ ಮುಚ್ಚದೇ ಉಳಿದ ಒಂದು ಲಿಂಕ್ ಕೆಳಗಿನ ಸುದ್ದಿಗಳನ್ನೂ ನೀಲಿ ಮಾಡಿಬಿಡುತ್ತದೆ.