ಪಶ್ಚಿಮ ಗಾಳಿಯ ದಾರಿ: ಡಚ್ಚರು ಜಾವಾ ತಲುಪಿದ ಬಗೆ

1583ರಿಂದ ಐದು ವರ್ಷ ಗೋವಾದ ಆರ್ಚ್‌ಬಿಷಪ್ ಬಳಿ ಕಾರ್ಯದರ್ಶಿಯಾಗಿದ್ದ ಡಚ್ ಯುವಕ ಯಾನ್ ವಾನ್ ಲಿನ್ಸ್‌ಖೋಟೆನ್, ಪೋರ್ಚುಗೀಸರು ಗುಟ್ಟಾಗಿಟ್ಟಿದ್ದ ಕಡಲದಾರಿಗಳ ವಿವರ ಕಲೆಹಾಕಿದ. ಹೊನ್ನಾವರದಲ್ಲಿ ಹಡಗೇರುತ್ತಿದ್ದ ಮೆಣಸಿನ ಸಂಗತಿಯೂ ಅವನ ಬರಹದಲ್ಲಿದೆ. ಊರಿಗೆ ಮರಳಿ 1595-96ರಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿದ. ಅವನ ಮುಖ್ಯ ಸಲಹೆ: ಪೋರ್ಚುಗೀಸರ ಹಿಡಿತದಲ್ಲಿರುವ ಮಲಾಕ್ಕಾದತ್ತ ಹೋಗಬೇಡಿ, ಸುಮಾತ್ರಾದ ದಕ್ಷಿಣಕ್ಕೆ ಬಳಸಿ ಸುಂಡಾ ಜಲಸಂಧಿಯಿಂದ ಜಾವಾ ಸೇರಿ.

ಅದನ್ನು ನಂಬಿ 1595ರ ಏಪ್ರಿಲ್‌ನಲ್ಲಿ ಹೊರಟ ಕಾರ್ನೆಲಿಸ್ ಡಿ ಹೌಟ್‌ಮನ್‌ನ ನಾಲ್ಕು ಹಡಗುಗಳು ಜಾವಾದ ಬಾಂಟೆನ್ ಮುಟ್ಟಿದ್ದು 1596ರ ಜೂನ್‌ನಲ್ಲಿ. ಮಡಗಾಸ್ಕರ್ ತಲುಪುವಷ್ಟರಲ್ಲೇ ಸ್ಕರ್ವಿ ರೋಗ ಹಲವರನ್ನು ಬಲಿ ತೆಗೆದುಕೊಂಡಿತ್ತು. ಹೊರಟ 249 ಜನರಲ್ಲಿ ಊರು ಕಂಡವರು 90ಕ್ಕೂ ಕಡಿಮೆ. ತಂದ ಸರಕೂ ಅಷ್ಟಕ್ಕಷ್ಟೇ. ಆದರೂ ದಾರಿ ಇದೆಯೆಂದು ಖಚಿತವಾಯಿತು. ಬಂಡವಾಳ ಹರಿದು ಬಂತು, ಡಚ್ ನಗರಗಳು ತಮ್ಮತಮ್ಮಲ್ಲೇ ಪೈಪೋಟಿಗೆ ಬಿದ್ದವು. ಅದನ್ನು ತಡೆಯಲೆಂದೇ 1602ರಲ್ಲಿ ಎಲ್ಲರನ್ನೂ ಸೇರಿಸಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದರು. ಇಂಗ್ಲಿಷರ ಕಂಪನಿ ಅದಕ್ಕಿಂತ ಎರಡು ವರ್ಷ ಮುಂಚಿನದು.

ಹಳೆಯ ದಾರಿಯ ದೊಡ್ಡ ಕಾಟ ಮುಂಗಾರಿನದು. ಗುಡ್‌ಹೋಪ್ ಭೂಶಿರ ದಾಟಿ ಉತ್ತರಕ್ಕೆ ತಿರುಗಿದರೆ ಗಾಳಿಯ ಕಾಲಕ್ಕೆ ಕಾಯಬೇಕು. ಗಾಳಿ ನಿಂತರೆ ಹಡಗೂ ನಿಲ್ಲುತ್ತದೆ, ಬಿಸಿಲಿಗೆ ನೀರು ಕೆಡುತ್ತದೆ, ಬಿಸ್ಕತ್ತಿಗೆ ಹುಳು ಹಿಡಿಯುತ್ತದೆ. 1611ರಲ್ಲಿ ಡಚ್ ಕಂಪನಿಯ ಹಡಗುಗಳ ನಾಯಕ ಹೆಂಡ್ರಿಕ್ ಬ್ರೌವರ್ ಬೇರೆ ಹಾದಿ ಹಿಡಿದ. ಭೂಶಿರದಿಂದ ಇನ್ನೂ ದಕ್ಷಿಣಕ್ಕಿಳಿದು, ಸುಮಾರು 35ರಿಂದ 40 ಡಿಗ್ರಿ ಅಕ್ಷಾಂಶದ ನಡುವೆ ಬೀಸುವ ಬಿರುಸಾದ ಪಶ್ಚಿಮ ಗಾಳಿಗೆ ಹಾಯಿ ಕೊಟ್ಟು ನೇರ ಪೂರ್ವಕ್ಕೆ ಸಾಗಿದ. ಸುಮಾರು 1000 ಡಚ್ ಮೈಲಿ, ಅಂದರೆ 7,400 ಕಿ.ಮೀ. ಆದ ಮೇಲೆ ಉತ್ತರಕ್ಕೆ ತಿರುಗಿದರೆ ಸುಂಡಾ ಎದುರಾಗುತ್ತದೆ. ಪಯಣದ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ತಂಪು ಹವೆಯಲ್ಲಿ ಆಹಾರವೂ ಬಾಳಿಕೆ ಬಂತು. ಕೆಲವೇ ವರ್ಷಗಳಲ್ಲಿ ಕಂಪನಿ ಈ ದಾರಿಯನ್ನು ಕಡ್ಡಾಯ ಮಾಡಿತು. 1619ರಲ್ಲಿ ಬಟಾವಿಯ (ಇಂದಿನ ಜಕಾರ್ತ) ನೆಲೆ ಎದ್ದದ್ದು ಆ ಜಲಸಂಧಿಯ ಮಗ್ಗುಲಲ್ಲೇ. 1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಜೂನ್ ಕೂನ್ ಜಾಯಿಕಾಯಿಯ ಬಾಂಡಾ ದ್ವೀಪಗಳ ಮೇಲೆ ದಂಡೆತ್ತಿದ್ದೂ ಬಟಾವಿಯದಿಂದಲೇ. ಅಲ್ಲಿನ ಸಾವಿರಾರು ಜನ ಕೊಲೆಯಾದರು, ಹಸಿವಿನಿಂದ ಸತ್ತರು, ಗುಲಾಮರಾಗಿ ಸಾಗಿಸಲ್ಪಟ್ಟರು. ಈ ದಾರಿಯ ಕಥೆ ಹೇಳುವಾಗ ಆ ಕ್ರೌರ್ಯವನ್ನು ಬದಿಗಿಡುವುದು ಸಲ್ಲದು.

ಹೊಸ ದಾರಿಯ ಕಷ್ಟವೆಲ್ಲ ಇದ್ದದ್ದು ಒಂದೇ ಪ್ರಶ್ನೆಯಲ್ಲಿ: ಉತ್ತರಕ್ಕೆ ತಿರುಗುವುದು ಯಾವಾಗ? ನಡುಹಗಲ ಸೂರ್ಯನ ಎತ್ತರ ಅಳೆದರೆ ಅಕ್ಷಾಂಶ ಸಿಗುತ್ತದೆ, ರೇಖಾಂಶ, ಅಂದರೆ ಪೂರ್ವಕ್ಕೆ ಎಷ್ಟು ದೂರ ಬಂದೆವೆಂಬುದು, ಸಿಗದು. ಮೂತಿಯ ಬಳಿ ಮರದ ತುಂಡೊಂದನ್ನು ನೀರಿಗೆಸೆದು, ಅದು ಹಡಗಿನ ಮೇಲಿನ ಎರಡು ಗುರುತುಗಳ ನಡುವೆ ಹಾಯಲು ಹಿಡಿದ ಹೊತ್ತಿನಿಂದ ವೇಗ ಅಂದಾಜಿಸುತ್ತಿದ್ದರು. ವೇಗವನ್ನು ಗಂಟೆಗಳಿಂದ ಗುಣಿಸಿದರೆ ಸಾಗಿದ ದೂರ. ಆದರೆ ಸಮುದ್ರದ ಪ್ರವಾಹ ತುಂಡನ್ನೂ ಹಡಗನ್ನೂ ಜೊತೆಯಾಗಿ ಒಯ್ಯುವುದರಿಂದ ಅದು ಲೆಕ್ಕಕ್ಕೇ ಸಿಗುವುದಿಲ್ಲ. ನೂರಕ್ಕೆ ಹತ್ತರಷ್ಟು ತಪ್ಪಿದರೂ 700 ಕಿ.ಮೀ. ಆಚೀಚೆ! ತಡವಾಗಿ ತಿರುಗಿದವರಿಗೆ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿ ಅಡ್ಡ ಬರುತ್ತಿತ್ತು. 1616ರಲ್ಲಿ ಡಚ್ ಕಪ್ತಾನ ಡಿರ್ಕ್ ಹಾರ್ಟೊಗ್ ಅಲ್ಲಿ ಕಾಲಿಟ್ಟದ್ದು ಹೀಗೆಯೇ. ಡಚ್ಚರ ದಾರಿಯನ್ನೇ ಅನುಸರಿಸಿದ ಇಂಗ್ಲಿಷರ ‘ಟ್ರಯಲ್’ ಹಡಗು 1622ರಲ್ಲಿ ಬಂಡೆಗೆ ಬಡಿದು ಒಡೆಯಿತು. 1629ರಲ್ಲಿ ‘ಬಟಾವಿಯ’ ಎಂಬ ಹಡಗು, 1656ರಲ್ಲಿ ‘ವೆರ್ಗುಲ್ಡೆ ಡ್ರಾಕ್’ ಅದೇ ಕರಾವಳಿಯಲ್ಲಿ ಒಡೆದು ಹೋದವು. 1712ರಲ್ಲಿ ಕಾಣೆಯಾದ ‘ಜೌಟ್‌ಡಾರ್ಪ್’ನಿಂದ ಸುದ್ದಿ ಹೇಳಲು ಒಬ್ಬರೂ ಬಟಾವಿಯ ನಗರ ತಲುಪಲಿಲ್ಲ.